ಮನೆಯೊಳಗೊಂದು ಬೀದರ ಕೋಟೆ: ಮಗುವಿನ ಹುಟ್ಟುಹಬ್ಬವನ್ನು ಕಥೆಯಾಗಿ ನಡೆಸುವ ಬಗೆ

ನನ್ನ ಮಗಳ ಆರನೆಯ ಹುಟ್ಟುಹಬ್ಬಕ್ಕೆ ನಾವು ಅಲಂಕಾರದವರನ್ನು ಕರೆಸಿ, ಪಡಸಾಲೆಯ ಒಂದು ಗೋಡೆಯ ತುಂಬ ಬಲೂನಿನ ಕಮಾನು ಕಟ್ಟಿಸಿ, ಅದರ ನಡುವೆ ಅವಳ ಹೆಸರಿನ ದೀಪದ ಫಲಕ ಹಾಕಿಸಿದ್ದೆವು. ಬಂದ ಮಕ್ಕಳು ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು, ಕೇಕು ತಿಂದರು, ಮುಕ್ಕಾಲು ಗಂಟೆಯೊಳಗೆ ಮಾಡಲು ಬೇರೇನೂ ಉಳಿಯದೆ ಒಬ್ಬೊಬ್ಬರಾಗಿ ದೊಡ್ಡವರ ಬಳಿ ಮೊಬೈಲು ಕೇಳತೊಡಗಿದರು. ಎರಡು ವರ್ಷಗಳ ನಂತರ ಅದೇ ಪಡಸಾಲೆಯಲ್ಲಿ ಹಳೆಯ ರಟ್ಟಿನ ಪೆಟ್ಟಿಗೆ, ಕೌದಿ, ಕೆಮ್ಮಣ್ಣು ಮತ್ತು ಒಂದಿಷ್ಟು ದಾರದಿಂದ ನಾವೇ ಬೀದರ ಕೋಟೆಯನ್ನು ಕಟ್ಟಿದಾಗ, ಹನ್ನೆರಡು ಮಕ್ಕಳು ಎರಡೂವರೆ ಗಂಟೆ ಕಳೆದರೂ ಮನೆಗೆ ಹೊರಡಲು ಒಪ್ಪಲಿಲ್ಲ. ಮಕ್ಕಳ ಕೈಗೆ ನಿಜವಾದ ಕೆಲಸ ಸಿಕ್ಕಾಗ ಮಾತ್ರ ಅವರ ಕಲ್ಪನೆ ಚಿಗುರುತ್ತದೆ ಎಂದು ನಾನು ಅಂದು ಕಂಡುಕೊಂಡೆ. ಆ ಅನುಭವದ ಮೇಲೆ, ಇನ್ನೊಬ್ಬರು ತಮ್ಮ ಮನೆಯಲ್ಲಿ ಹಂತಹಂತವಾಗಿ ಅನುಸರಿಸಲು ಅನುಕೂಲವಾಗುವಂತೆ ಇದನ್ನು ಬರೆಯುತ್ತಿದ್ದೇನೆ. ಏಳರಿಂದ ಹತ್ತು ವರ್ಷದ ಮಕ್ಕಳಿಗೆ ಇದು ಹೊಂದುತ್ತದೆ.

ವಿಷಯದ ಆಯ್ಕೆ: ಮೂರು ವಾರ ಮೊದಲು

ಹುಟ್ಟುಹಬ್ಬಕ್ಕೆ ವಿಷಯವೊಂದನ್ನು ಆರಿಸುವಾಗ ಹೆಚ್ಚಿನವರು ಅಂಗಡಿಯಲ್ಲಿ ಸಿಗುವ ತಟ್ಟೆ, ಟೊಪ್ಪಿಗೆ, ತೋರಣಗಳ ಮೇಲಿನ ಚಿತ್ರವನ್ನೇ ವಿಷಯವೆಂದು ತಿಳಿಯುತ್ತಾರೆ. ನನ್ನ ಸಲಹೆ ಏನೆಂದರೆ, ಮಗು ಕಣ್ಣಾರೆ ಕಂಡ, ಕಾಲಿನಿಂದ ನಡೆದು ನೋಡಿದ ಒಂದು ಜಾಗವನ್ನು ಆರಿಸಿಕೊಳ್ಳಿ. ನಮ್ಮ ಭಾಗದಲ್ಲಿ ಅಂಥ ಜಾಗಗಳಿಗೆ ಬರವಿಲ್ಲ. ಕಲಬುರಗಿಯವರಿಗೆ ತಮ್ಮ ಊರಿನ ಕೋಟೆಯೂ ಅದರೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯ ಕಮಾನುಗಳ ಸಾಲೂ ಇವೆ, ಯಾದಗಿರಿಯವರಿಗೆ ಬೆಟ್ಟದ ಮೇಲಿನ ಕೋಟೆ ಇದೆ, ನಮಗೆ ಬೀದರ ಕೋಟೆ ಇದೆ. ಒಂದು ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಮಗುವನ್ನು ಅಲ್ಲಿಗೆ ಕರೆದೊಯ್ದು, ಏನನ್ನೂ ಉಪದೇಶಿಸದೆ, ಅದರ ಕೈಗೆ ಒಂದು ನೋಟುಪುಸ್ತಕ ಮತ್ತು ಪೆನ್ಸಿಲು ಕೊಟ್ಟು, ಇಷ್ಟವಾದ ಐದು ವಸ್ತುಗಳನ್ನು ಬರೆಯಲು ಹೇಳಿ. ನನ್ನ ಮಗಳು ಬರೆದ ಐದರಲ್ಲಿ ಕೋಟೆಯ ಬಾಗಿಲಾದ ಶರ್ಜಾ ದರ್ವಾಜಾದ ಮೇಲೆ ಕೆತ್ತಿದ ಹುಲಿಗಳು, ಬಂಡೆಯನ್ನು ಕೊರೆದು ಮಾಡಿದ ಮೂರು ಸಾಲಿನ ಕಂದಕ ಮತ್ತು ತೂತುತೂತಾದ ಕೆಂಪು ಕಲ್ಲು ಇದ್ದವು. ಉಳಿದ ಎರಡು, ಅಲ್ಲಿ ಕಂಡ ಒಂದು ಅಳಿಲು ಮತ್ತು ನಾವು ಹೊರಗೆ ಬಂದು ಕುಡಿದ ಕಬ್ಬಿನ ಹಾಲು. ಆ ಪಟ್ಟಿಯೇ ನಮ್ಮ ಹಬ್ಬದ ನಕ್ಷೆಯಾಯಿತು. ಕಬ್ಬಿನ ಹಾಲನ್ನೂ ನಾವು ಬಿಡಲಿಲ್ಲ.

ಅದೇ ಸಂಜೆ ಮಗುವಿನೊಡನೆ ಕೂತು ಒಂದು ಚಿಕ್ಕ ಕಥೆ ಹೆಣೆಯಬೇಕು. ಕಥೆಯಲ್ಲಿ ಕಳೆದುಹೋದದ್ದು ಒಂದಿರಬೇಕು, ಅದನ್ನು ಹುಡುಕುವ ದಾರಿ ಇರಬೇಕು, ಇಷ್ಟೇ ಸಾಕು. ನಮ್ಮ ಕಥೆಯಲ್ಲಿ ಕೋಟೆಯ ಖಜಾನೆಯ ಕೀಲಿಕೈ ಕಳೆದಿತ್ತು, ಕೀಲಿ ಇರುವ ಜಾಗದ ನಕ್ಷೆ ಐದು ತುಂಡಾಗಿ ಐದು ಠಾಣೆಗಳಲ್ಲಿ, ಅಂದರೆ ಆಟವಾಡಿ ದಾಟಬೇಕಾದ ಐದು ಜಾಗಗಳಲ್ಲಿ, ಅಡಗಿತ್ತು. ಮೊದಲು ನಾನು ಏಳು ಠಾಣೆಗಳನ್ನು ಯೋಚಿಸಿ, ಹಿಂದಿನ ದಿನ ನೆರೆಮನೆಯ ಇಬ್ಬರು ಮಕ್ಕಳನ್ನು ಕರೆದು ಆಡಿಸಿ ನೋಡಿದೆ. ಐದನೆಯದಕ್ಕೆ ಬರುವಷ್ಟರಲ್ಲಿ ಇಬ್ಬರೂ ದಣಿದು ಕೂತುಬಿಟ್ಟರು. ಆದ್ದರಿಂದ ಐದಕ್ಕಿಂತ ಹೆಚ್ಚು ಬೇಡ, ಮತ್ತು ಹೀಗೊಂದು ಪರೀಕ್ಷೆಯ ಆಟವನ್ನು ತಪ್ಪದೆ ನಡೆಸಿ.

ಪಾತ್ರಗಳ ಬಗ್ಗೆಯೂ ಒಂದು ಮಾತು. ಕೋಟೆಯೆಂದ ಕೂಡಲೆ ಎಲ್ಲರೂ ರಾಜ ರಾಣಿ ಆಗಬಯಸುತ್ತಾರೆ, ಜಗಳ ಅಲ್ಲಿಂದಲೇ ಶುರುವಾಗುತ್ತದೆ. ನಮ್ಮಲ್ಲಿ ರಾಜನೇ ಇರಲಿಲ್ಲ. ಕೋಟೆಯನ್ನು ಕಟ್ಟಿದ ಕಲ್ಲುಕುಟಿಗರು, ಭೂಮಿಯೊಳಗಿನ ನೀರು ಹುಡುಕುವವರು, ಪುಸ್ತಕ ಕಾಯುವವರು, ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಬಿದ್ರಿ ಕೆಲಸದವರು ಎಂದು ನಾಲ್ಕು ಗುಂಪು ಮಾಡಿ, ಗುಂಪಿಗೆ ಮೂವರಂತೆ ಚೀಟಿ ಎತ್ತಿಸಿದೆವು. ಪ್ರತಿ ಠಾಣೆಯಲ್ಲೂ ಆಯಾ ಗುಂಪು ಮುಂದೆ ನಿಂತು ಉಳಿದವರಿಗೆ ದಾರಿ ತೋರಿಸಬೇಕು. ಹುಟ್ಟುಹಬ್ಬದ ಮಗು ತನ್ನ ಗುಂಪಿನೊಡನೆ ಇದ್ದುಕೊಂಡೇ ಸಿಕ್ಕ ನಕ್ಷೆಯ ತುಂಡುಗಳನ್ನೆಲ್ಲ ಸೊಂಟದ ಚೀಲದಲ್ಲಿ ಕಾಪಾಡುವ ಖಜಾನೆಯ ಕಾವಲುಗಾರ್ತಿಯಾಯಿತು.

ಆಮಂತ್ರಣ ಮತ್ತು ವಿಚಾರಣೆ: ಹತ್ತು ದಿನ ಮೊದಲು

ಹಳೆಯ ಓಲೆಯಂತೆ ಕಾಣುವ ಆಮಂತ್ರಣವನ್ನು ಮನೆಯಲ್ಲೇ ಮಾಡಬಹುದು. ಒಂದು ಲೀಟರು ನೀರಿಗೆ ಎರಡು ದೊಡ್ಡ ಚಮಚ ಚಹಾಪುಡಿ ಹಾಕಿ ಕುದಿಸಿ, ಸೋಸಿ, ಆರಿಸಿ, ಅಗಲವಾದ ಪರಾತದಲ್ಲಿ ಹಾಕಿ ಬಿಳಿ ಹಾಳೆಗಳನ್ನು ಒಂದೊಂದಾಗಿ ಐದು ನಿಮಿಷ ನೆನೆಸಬೇಕು. ನೆರಳಿನಲ್ಲಿ ಒಣಗಿಸಿ, ಮೇಲೊಂದು ಬಟ್ಟೆ ಹಾಕಿ ಇಸ್ತ್ರಿ ಮಾಡಿದರೆ ಹಾಳೆ ಸಮವಾಗುತ್ತದೆ. ಬರೆಯುವುದು ಒಣಗಿದ ಮೇಲೆಯೇ, ಇಲ್ಲದಿದ್ದರೆ ಶಾಯಿ ಹರಡಿ ಅಕ್ಷರ ಅಳಿಸಿಹೋಗುತ್ತದೆ. ಸುರುಳಿ ಸುತ್ತಿ ಕೆಂಪು ದಾರ ಕಟ್ಟಿ ಮಗುವಿನ ಕೈಯಿಂದಲೇ ಹಂಚಿಸಿ. ಎಷ್ಟು ಗಂಟೆಗೆ ಆರಂಭ, ಎಷ್ಟು ಗಂಟೆಗೆ ಮುಕ್ತಾಯ, ಮಣ್ಣಾದರೂ ಚಿಂತೆಯಿಲ್ಲದ ಬಟ್ಟೆ ಹಾಕಿ ಕಳಿಸಬೇಕು, ಈ ಮೂರನ್ನು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ಓಲೆ ಕೊಟ್ಟ ನಂತರ ಪ್ರತಿ ಮನೆಗೂ ನೀವೇ ಫೋನು ಮಾಡಿ ಮೂರು ಪ್ರಶ್ನೆ ಕೇಳಬೇಕು: ಮಗುವಿಗೆ ಯಾವುದಾದರೂ ತಿನಿಸು ಆಗಿಬರುವುದಿಲ್ಲವೇ, ಕತ್ತಲೆಗೆ ಅಥವಾ ಇಕ್ಕಟ್ಟಾದ ಜಾಗಕ್ಕೆ ಹೆದರುತ್ತದೆಯೇ, ಯಾರು ಬಂದು ಕರೆದೊಯ್ಯುತ್ತಾರೆ. ನಮ್ಮ ಅಡುಗೆಯಲ್ಲಿ ಶೇಂಗಾ ಇಲ್ಲದ ಪದಾರ್ಥ ಕಡಿಮೆ, ಕೆಲವು ಮಕ್ಕಳಿಗೆ ಶೇಂಗಾ ಅಪಾಯಕಾರಿ. ಆದುದರಿಂದ ಮೊದಲ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ. ಬೀದರದ ಒಂದೇ ತರಗತಿಯಲ್ಲಿ ಲಿಂಗಾಯತರ, ಮುಸ್ಲಿಮರ, ಕ್ರೈಸ್ತರ, ಸಿಖ್ಖರ ಮನೆಗಳ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಶ್ರಾವಣದ ಉಪವಾಸ, ರಂಜಾನಿನ ರೋಜಾ ಇವುಗಳ ದಿನಗಳನ್ನು ನೋಡಿಕೊಂಡು ದಿನಾಂಕ ಇಟ್ಟರೆ, ಮತ್ತು ಅಡುಗೆಯನ್ನು ಪೂರ್ತಿ ಸಸ್ಯಾಹಾರವಾಗಿಟ್ಟು ಕೇಕನ್ನೂ ಮೊಟ್ಟೆಯಿಲ್ಲದೆ ಮಾಡಿಸಿದರೆ, ಯಾವ ಮಗುವೂ ತಟ್ಟೆಯ ಮುಂದೆ ಕೂತು ಹಿಂಜರಿಯಬೇಕಾಗುವುದಿಲ್ಲ.

ಕೋಟೆ ಕಟ್ಟುವುದು: ಒಂದು ವಾರ ಮೊದಲು

ಫ್ರಿಜ್ ಅಥವಾ ಬಟ್ಟೆ ಒಗೆಯುವ ಯಂತ್ರ ಮಾರುವ ಅಂಗಡಿಯಲ್ಲಿ ಮೊದಲೇ ಹೇಳಿಟ್ಟರೆ ದೊಡ್ಡ ರಟ್ಟಿನ ಪೆಟ್ಟಿಗೆಗಳು ಸಿಗುತ್ತವೆ. ನಾಲ್ಕು ಪೆಟ್ಟಿಗೆ ಸಾಕು. ಒಂದು ಮೂಲೆಯಲ್ಲಿ ಸೀಳಿ ಬಿಡಿಸಿದರೆ ಒಂದೊಂದೂ ಮಡಚಿ ನಿಲ್ಲುವ ಗೋಡೆಯಾಗುತ್ತದೆ. ಮೇಲಂಚಿನಲ್ಲಿ 15 ಸೆಂಟಿಮೀಟರು ಅಗಲ, 12 ಸೆಂಟಿಮೀಟರು ಆಳದ ಚೌಕಗಳನ್ನು ಒಂದು ಬಿಟ್ಟು ಒಂದರಂತೆ ಕತ್ತರಿಸಿದರೆ ಕೋಟೆಯ ತೆನೆಗಳು ಮೂಡುತ್ತವೆ. ಕತ್ತರಿಸುವ ಕೆಲಸ ದೊಡ್ಡವರದು. ಗುರುತು ಹಾಕುವುದು ಮತ್ತು ಬಣ್ಣ ಬಳಿಯುವುದು ಮಕ್ಕಳದು.

ಬಾಗಿಲಿನ ಕಮಾನನ್ನು ಅಂದಾಜಿನಲ್ಲಿ ಬರೆದರೆ ವಕ್ರವಾಗುತ್ತದೆ. ಬೀದರವನ್ನು ಆಳಿದ ಬಹಮನಿ ಸುಲ್ತಾನರ ಕಟ್ಟಡಗಳ ಚೂಪು ತುದಿಯ ಕಮಾನನ್ನು ಒಂದು ದಾರ ಮತ್ತು ಪೆನ್ಸಿಲಿನಿಂದಲೇ ಹೋಲುವಂತೆ ತೆಗೆಯಬಹುದು. ಬಾಗಿಲಿನ ಅಗಲ 60 ಸೆಂಟಿಮೀಟರು ಎಂದುಕೊಳ್ಳಿ. ನೆಲದಿಂದ 90 ಸೆಂಟಿಮೀಟರು ಎತ್ತರದಲ್ಲಿ ಬಾಗಿಲಿನ ಎಡ ಮತ್ತು ಬಲ ಅಂಚುಗಳಲ್ಲಿ ಎರಡು ಚುಕ್ಕೆ ಇಡಿ. 60 ಸೆಂಟಿಮೀಟರಿನ ದಾರದ ಒಂದು ತುದಿಯನ್ನು ಎಡಚುಕ್ಕೆಯ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯ ಪೆನ್ಸಿಲಿನಿಂದ ಬಲಚುಕ್ಕೆಯಿಂದ ಮೇಲಕ್ಕೆ ಬಾಗುಗೆರೆ ಎಳೆಯಿರಿ. ಬಲಚುಕ್ಕೆಯಿಂದಲೂ ಹಾಗೆಯೇ ಮಾಡಿ. ಎರಡು ಗೆರೆಗಳು ಚುಕ್ಕೆಗಳಿಂದ ಸುಮಾರು 52 ಸೆಂಟಿಮೀಟರು ಮೇಲೆ ನಡುವಿನಲ್ಲಿ ಕೂಡುತ್ತವೆ. ಆ ಗೆರೆ ಕೂಡಿದ ಕ್ಷಣದಲ್ಲಿ ನನ್ನ ಮಗಳು «ಅವ್ವಾ, ಇದು ಕೋಟಿ ಬಾಗಲಾನೇ ಆತಲ್ಲ» ಎಂದು ಕೂಗಿದ್ದನ್ನು ನಾನು ಮರೆಯಲಾರೆ.

ಇನ್ನು ಬಣ್ಣ. ಬೀದರದ ನೆಲವೇ ಜಂಬಿಟ್ಟಿಗೆಯ ಕೆಂಪು ಕಲ್ಲು, ಕೋಟೆಯ ಗೋಡೆಗಳಲ್ಲೂ ಅದೇ ಕಲ್ಲು ಕಾಣುತ್ತದೆ. ಆದ್ದರಿಂದ ಅಂಗಡಿಯ ಬಣ್ಣಕ್ಕಿಂತ ಮನೆಯ ಗೋಡೆ ಸಾರಿಸಲು ಬಳಸುವ ಕೆಮ್ಮಣ್ಣೇ ಇಲ್ಲಿ ಹೊಂದುತ್ತದೆ. ಜರಡಿ ಹಿಡಿದ ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ನೀರಿನಲ್ಲಿ ಕಲಸಿ, ಒಂದು ಬಟ್ಟಲಿಗೆ ಎರಡು ಚಮಚದಂತೆ ಫೆವಿಕಾಲ್ ಬೆರೆಸಿ. ಅದಿಲ್ಲದೆ ಬಳಿದರೆ ಒಣಗಿದ ಮೇಲೆ ಪುಡಿಯಾಗಿ ಎಲ್ಲರ ಬಟ್ಟೆಗೆ ಹತ್ತುತ್ತದೆ. ಕುಂಚದ ಬದಲು ಮುದ್ದೆ ಮಾಡಿದ ವೃತ್ತಪತ್ರಿಕೆಯನ್ನು ಅದರಲ್ಲಿ ಅದ್ದಿ ರಟ್ಟಿನ ಮೇಲೆ ಒತ್ತಿದರೆ, ಜಂಬಿಟ್ಟಿಗೆಯ ತೂತುಗಳೇ ಮೂಡಿದಂತೆ ಕಾಣುತ್ತದೆ. ಬಾಗಿಲಿನ ಮೇಲೆ ಎರಡು ಹುಲಿಗಳನ್ನು ಮಗುವೇ ಬರೆಯಲಿ. ಹುಲಿ ಬೆಕ್ಕಿನಂತೆ ಕಂಡರೂ ನೀವು ತಿದ್ದಬೇಡಿ.

ಐದು ಠಾಣೆಗಳು

ಮೊದಲನೆಯದು ಕಂದಕ. ಅಂಗಳದಲ್ಲೋ ವರಾಂಡದಲ್ಲೋ ಮೂರು ನೀಲಿ ಸೀರೆಗಳನ್ನು ನಡುವೆ ಒಂದಡಿ ಜಾಗ ಬಿಟ್ಟು ಉದ್ದಕ್ಕೆ ಹಾಸಿ, ಅಂಚುಗಳಿಗೆ ಟೇಪು ಅಂಟಿಸಿ. ಕೋಟೆಯ ಕಂದಕದಲ್ಲಿ ಕಲ್ಲುಕುಟಿಗರು ನಡುವೆ ಬಂಡೆಯ ದಿಣ್ಣೆಗಳನ್ನು ಬಿಟ್ಟು ಕೊರೆದಿರುವುದನ್ನು ಆ ಒಂದಡಿ ಜಾಗಗಳು ನೆನಪಿಸುತ್ತವೆ. ಗುಂಪಿನ ಮೂವರಿಗೆ ನಾಲ್ಕು ಗೋಣಿತಟ್ಟಿನ ತುಂಡು ಕೊಟ್ಟು, ನೀರಿಗೆ ಕಾಲು ತಾಗದಂತೆ, ಹಿಂದಿನ ತುಂಡನ್ನು ಎತ್ತಿ ಮುಂದೆ ಹಾಸುತ್ತ ದಾಟಲು ಹೇಳಬೇಕು. ವೃತ್ತಪತ್ರಿಕೆ ಬಳಸಬೇಡಿ. ನಮ್ಮ ಮನೆಗಳ ಶಹಾಬಾದಿ ಫರಸಿಯ ಮೇಲೆ ಕಾಗದವೂ ಸೀರೆಯೂ ಜಾರುತ್ತವೆ, ಅದಕ್ಕೇ ಸೀರೆಗೆ ಟೇಪು, ಕಾಲಿಗೆ ಗೋಣಿತಟ್ಟು, ಮತ್ತು ಬರಿಗಾಲು.

ಎರಡನೆಯದು ಶರ್ಜಾ ದರ್ವಾಜಾ, ಅಂದರೆ ನಾವು ಕಟ್ಟಿದ ರಟ್ಟಿನ ಬಾಗಿಲು. ಇದರ ಕಾವಲಿಗೆ ಮನೆಯ ಮುತ್ಯಾನಿಗಿಂತ ತಕ್ಕವರು ಇನ್ನೊಬ್ಬರಿಲ್ಲ. ರುಮಾಲು ಸುತ್ತಿಕೊಂಡು ಕೋಲು ಹಿಡಿದು ಕುರ್ಚಿಯ ಮೇಲೆ ಕೂತ ನಮ್ಮ ಮಾವನವರು, «ಯಾರಪಾ ನೀವು? ಯಾವ ಊರಿಂದ ಬಂದೀರಿ? ಒಗಟ ಬಿಡಸಿದ್ರ ಬಾಗಲಾ ತಗೀತೀನಿ, ಇಲ್ಲಾಂದ್ರ ಹಿಂಗೇ ನಿಂದ್ರಬೇಕು ನೋಡ್ರಿ» ಎಂದಾಗ ಹನ್ನೆರಡು ಮಕ್ಕಳೂ ಉಸಿರು ಬಿಗಿಹಿಡಿದು ನಿಂತರು. ಒಗಟುಗಳನ್ನು ಮನೆಯ ವಸ್ತುಗಳ ಮೇಲೆ ನೀವೇ ಕಟ್ಟಿಕೊಳ್ಳಬಹುದು. ನಾವು ಕಟ್ಟಿದ ಮೂರು ಹೀಗಿದ್ದವು:

ಹೊಲದಾಗ ನಿಂತಾಗ ಮುತ್ತಿನ ತೆನಿ,
ಹಂಚಿನ ಮ್ಯಾಲೆ ಹುಣ್ಣಿವಿ ಚಂದ್ರ.

ಜೋಡಿ ಇದ್ರ ಊರೆಲ್ಲ ಸುತ್ತತಾವ,
ಒಂಟಿ ಆದ್ರ ಮೂಲ್ಯಾಗ ಕೂಡತಾವ.

ಹೊರಗ ಬ್ಯಾಸಗಿ, ಒಳಗ ಮಾಗಿ,
ಬಾಗಲಾ ತಗದ್ರ ದೀಪ ಹತ್ತತದ.

ಜೋಳ, ಚಪ್ಪಲಿ, ಫ್ರಿಜ್ ಎಂದು ಉತ್ತರ ಬಂದ ಕೂಡಲೆ ಆಯಾ ವಸ್ತುವಿನ ಬಳಿ ಓಡಿ ಅಲ್ಲಿಟ್ಟ ಒಂದು ಬಣ್ಣದ ಕಲ್ಲನ್ನು ತರಬೇಕು. ಮೂರು ಕಲ್ಲು ಕೂಡಿದರೆ ಬಾಗಿಲು ತೆರೆಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಕನ್ನಡ ಓದಲು ತಡವಾಗುತ್ತದೆ, ಮನೆಯಲ್ಲಿ ಉರ್ದು, ಮರಾಠಿ ಅಥವಾ ತೆಲುಗು ಆಡುವ ಮಕ್ಕಳೂ ಇರುತ್ತಾರೆ. ಆದ್ದರಿಂದ ಒಗಟನ್ನು ಚೀಟಿಯಲ್ಲಿ ಬರೆದು ಕೊಡುವುದಕ್ಕಿಂತ ಬಾಯಲ್ಲಿ ಹೇಳುವುದು ಮೇಲು. ಕಿವಿಯಿಂದ ಕೇಳಿದ್ದು ಎಲ್ಲರಿಗೂ ದಕ್ಕುತ್ತದೆ, ತಿಳಿಯದ ಪದವನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.

ಮೂರನೆಯದು ಸುರಂಗ ಬಾವಿ. ಬೀದರದ ನೌಬಾದಿನಲ್ಲಿ 15ನೇ ಶತಮಾನದ ಕರೇಜ್ ಇದೆ: ಭೂಮಿಯೊಳಗಿನ ನೀರನ್ನು ಯಾವ ಯಂತ್ರವೂ ಇಲ್ಲದೆ, ನೆಲದ ಇಳಿಜಾರನ್ನಷ್ಟೇ ನೆಚ್ಚಿ, ಸುರಂಗದಲ್ಲಿ ಹರಿಸಿ ತರುವ ಪರ್ಷಿಯಾ ಮೂಲದ ವಿಧಾನವದು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ಕೊರೆದ ಕಿಂಡಿಗಳಿಂದ ಗಾಳಿ ಬೆಳಕು ಇಳಿಯುತ್ತವೆ. ಮನೆಯಲ್ಲಿ ಇದನ್ನು ಮಾಡಲು ಎರಡು ಮೇಜುಗಳನ್ನು ಒಂದಕ್ಕೊಂದು ತಾಗದಂತೆ ಉದ್ದಕ್ಕೆ ಇಟ್ಟು, ಮೇಲೆ ಕೌದಿ ಹೊದಿಸಿ, ಮೇಜುಗಳ ನಡುವೆ ಒಂದು ಗೇಣು ಜಾಗವನ್ನು ಮುಚ್ಚದೆ ಬಿಡಿ. ಒಳಗೆ ತೆವಳುವ ಮಗುವಿನ ಬೆನ್ನ ಮೇಲೆ ಅಲ್ಲಿಂದ ಬೆಳಕು ಬಿದ್ದಾಗ ಕಿಂಡಿಯ ಉಪಯೋಗ ಹೇಳದೆಯೇ ಅರ್ಥವಾಗುತ್ತದೆ. ಸುರಂಗ ಎಂಟು ಅಡಿಗಿಂತ ಉದ್ದವಿರಬಾರದು, ಎರಡೂ ಬಾಯಿ ಪೂರ್ತಿ ತೆರೆದಿರಬೇಕು, ಒಮ್ಮೆಗೆ ಒಬ್ಬರೇ ಒಳಗೆ ಹೋಗಬೇಕು, ಒಬ್ಬ ದೊಡ್ಡವರು ಪಕ್ಕದಲ್ಲೇ ನಿಂತಿರಬೇಕು. ಹೆದರುವ ಮಗುವಿಗೆ ಒತ್ತಾಯ ಬೇಡ. ನಮ್ಮಲ್ಲಿ ಒಬ್ಬ ಹುಡುಗ ಒಳಗೆ ಹೋಗಲಾರೆ ಎಂದ. ಅವನ ಕೈಗೆ ಟಾರ್ಚು ಕೊಟ್ಟು ಮೇಲಿನ ಕಿಂಡಿಯಿಂದ ಬೆಳಕು ಹಿಡಿಯುವ ಕೆಲಸ ಒಪ್ಪಿಸಿದೆವು. ಆ ಕೆಲಸವನ್ನು ಅವನು ಕೊನೆಯವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ.

ನಾಲ್ಕನೆಯದು ಮದ್ರಸಾ. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಬೀದರದಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ಈ ವಿದ್ಯಾಲಯದ ಮುಂಭಾಗ ಬಣ್ಣಬಣ್ಣದ ಹೊಳಪಿನ ಹೆಂಚುಗಳಿಂದ ಮುಚ್ಚಿತ್ತು. 1696ರಲ್ಲಿ ನಡೆದ ಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಹಾಳಾಯಿತು, ಉಳಿದ ಹೆಂಚುಗಳಲ್ಲೂ ಬಹಳಷ್ಟು ಉದುರಿಹೋಗಿವೆ. ಒಂದು ದೊಡ್ಡ ಬಿಳಿ ರಟ್ಟಿನ ಮೇಲೆ ನೀಲಿ, ಹಸಿರು, ಹಳದಿ ಬಣ್ಣಗಳಲ್ಲಿ ನಕ್ಷತ್ರದ ವಿನ್ಯಾಸ ಬರೆದು, 10 ಸೆಂಟಿಮೀಟರಿನ 16 ಚೌಕಗಳಾಗಿ ಕತ್ತರಿಸಿ. ಅವುಗಳಲ್ಲಿ ನಾಲ್ಕನ್ನು ಬೇಕೆಂದೇ ತೆಗೆದಿಟ್ಟು, ಅವುಗಳ ಬದಲು ನಾಲ್ಕು ಖಾಲಿ ಚೌಕ ಇಡಿ. ಮಕ್ಕಳು ಹನ್ನೆರಡನ್ನು ಜೋಡಿಸಿದ ಮೇಲೆ, ಸುತ್ತಲಿನ ಗೆರೆಗಳನ್ನು ನೋಡಿ, ಕಳೆದುಹೋದ ನಾಲ್ಕನ್ನು ತಾವೇ ಬರೆದು ತುಂಬಬೇಕು. ಒಂದು ಗೆರೆ ಮುಂದಿನ ಚೌಕದಲ್ಲಿ ಎಲ್ಲಿಗೆ ಹೋಗುತ್ತದೆಂದು ಅವರು ನಡೆಸುವ ಚರ್ಚೆಯನ್ನು ಕೇಳುವುದೇ ಒಂದು ಸಂತೋಷ.

ಬಿದ್ರಿ ಕಾರ್ಖಾನೆ

ಐದನೆಯ ಠಾಣೆಗೆ ಹೆಚ್ಚು ಸಮಯ ಬೇಕು, 40 ನಿಮಿಷವಾದರೂ ಇಡಿ. ಇದು ಇಡೀ ಹಬ್ಬದ ಹೃದಯ. ಮಕ್ಕಳು ಮನೆಗೆ ಒಯ್ಯುವ ವಸ್ತುವೂ ಇದೇ ಆದ್ದರಿಂದ ಬೇರೆ ಉಡುಗೊರೆಗೆ ಹೆಚ್ಚು ಖರ್ಚು ಮಾಡಬೇಕಾಗಿಲ್ಲ.

ಮೊದಲು ನಿಜವಾದ ಬಿದ್ರಿಯ ಒಂದು ವಸ್ತುವನ್ನು, ಚಿಕ್ಕ ಡಬ್ಬಿಯಾದರೂ ಸರಿ, ಮಕ್ಕಳ ಕೈಗೆ ಕೊಟ್ಟು ಮುಟ್ಟಿ ನೋಡಲು ಬಿಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚಾಣದಿಂದ ಬಳ್ಳಿ ಹೂವು ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಕೂಡಿಸುತ್ತಾರೆ. ಕೊನೆಯಲ್ಲಿ ವಸ್ತುವನ್ನು ಕಾಯಿಸಿ, ಕೋಟೆಯ ಹಳೆಯ ಕಟ್ಟಡಗಳ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಉಜ್ಜಿದಾಗ, ಸತುವಿನ ಮೈಯೆಲ್ಲ ಕಡುಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕರಿಯ ಮಣ್ಣೊಳಗಿಂದ ಬೆಳ್ಳಿ ಎದ್ದು ಬರುವ ಆ ಕೊನೆಯ ಕ್ಷಣದ ಬೆರಗನ್ನು, ಬೆಂಕಿಯೂ ರಾಸಾಯನಿಕವೂ ಇಲ್ಲದೆ, ಮಕ್ಕಳಿಗೆ ಕಾಣಿಸುವುದೇ ಈ ಠಾಣೆಯ ಗುರಿ.

ಬೇಕಾದದ್ದು: ಮಗುವಿಗೊಂದರಂತೆ 12 ಸೆಂಟಿಮೀಟರು ಚೌಕದ ದಪ್ಪ ರಟ್ಟು, ಅಗಲವಾದ ಎರಡೂ ಬದಿ ಅಂಟುವ ಟೇಪು, ಗೋಣಿದಾರ ಅಥವಾ ದಪ್ಪ ಹತ್ತಿಯ ದಾರ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಕಪ್ಪು ಪೋಸ್ಟರ್ ಬಣ್ಣ, ಪಾತ್ರೆ ತೊಳೆಯುವ ದ್ರವಸೋಪು, ಹಳೆಯ ಹತ್ತಿ ಬಟ್ಟೆ, ಖಾಲಿ ಬೆಂಕಿಪೊಟ್ಟಣ. ರಟ್ಟಿನ ಒಂದು ಬದಿಗೆ ಪೂರ್ತಿ ಟೇಪು ಅಂಟಿಸುವ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿಡಿ. ದಾರವನ್ನು ಫೆವಿಕಾಲಿನಿಂದ ಅಂಟಿಸಿದರೆ ಒಣಗಲು ಕಾಯಬೇಕಾಗುತ್ತದೆ, ಮಕ್ಕಳು ಅಷ್ಟು ಹೊತ್ತು ಕಾಯುವುದಿಲ್ಲ.

ಮಗು ಮೇಲಿನ ಕಾಗದ ಸುಲಿದು, ಅಂಟಿನ ಮೇಲೆ ದಾರದಿಂದ ತನಗಿಷ್ಟವಾದ ಹೂವು, ನಕ್ಷತ್ರ, ಬಳ್ಳಿ ಅಥವಾ ತನ್ನ ಹೆಸರಿನ ಮೊದಲಕ್ಷರವನ್ನು ಒತ್ತಿ ಕೂಡಿಸಬೇಕು. ಎರಡು ದಾರಗಳ ನಡುವೆ ಒಂದು ಬೆರಳಿನಷ್ಟು ಜಾಗವಿದ್ದರೆ ಚೆನ್ನ. ತೀರ ಒತ್ತಾಗಿ ಇಟ್ಟರೆ ವಿನ್ಯಾಸ ಮುದ್ದೆಯಾಗುತ್ತದೆ. ನಂತರ ಅಲ್ಯೂಮಿನಿಯಂ ಹಾಳೆಯನ್ನು ಸ್ವಲ್ಪ ಸಡಿಲವಾಗಿ ಮೇಲೆ ಹಾಸಿ, ಅಂಚುಗಳನ್ನು ಹಿಂದಕ್ಕೆ ಮಡಚಿ, ಬೆರಳ ಮೆತ್ತನೆಯ ಭಾಗದಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ ಹೋಗಬೇಕು. ಉಗುರು ತಾಗಿದರೆ ಹಾಳೆ ಹರಿಯುತ್ತದೆ; ಬಿಗಿಯಾಗಿ ಎಳೆದು ಹಾಸಿದರೂ ದಾರದ ಬದಿಯಲ್ಲಿ ಹರಿಯುತ್ತದೆ. ಒತ್ತಿದಂತೆ ದಾರದ ಗೆರೆಗಳು ಉಬ್ಬಿ ಏಳುತ್ತವೆ.

ಈಗ ಕಪ್ಪು ಬಣ್ಣ. ಒಂದು ಚಮಚ ಬಣ್ಣಕ್ಕೆ ಒಂದೇ ಹನಿ ಸೋಪು ಬೆರೆಸಿ, ಏಕೆಂದರೆ ಬರಿಯ ಬಣ್ಣ ಲೋಹದ ಹಾಳೆಯ ಮೇಲೆ ನಿಲ್ಲದೆ ಹನಿಹನಿಯಾಗಿ ಸರಿಯುತ್ತದೆ. ಹಾಳೆಯ ಬಿಳುಪು ಎಲ್ಲಿಯೂ ಕಾಣದಂತೆ ತೆಳುವಾಗಿ ಬಳಿದು ಐದಾರು ನಿಮಿಷ ಬಿಡಬೇಕು. ಇಷ್ಟು ಹೊತ್ತು ಮಾಡಿದ ಬೆಳ್ಳಿಯ ಕೆಲಸವೆಲ್ಲ ಕಪ್ಪಾಯಿತೆಂದು ಒಂದಿಬ್ಬರು ಮುಖ ಸಣ್ಣ ಮಾಡುತ್ತಾರೆ, ಆಗ ಅವಸರದಿಂದ ಸಮಾಧಾನ ಹೇಳಲು ಹೋಗಬೇಡಿ. ಐದು ನಿಮಿಷ ಕಳೆದ ಮೇಲೆ ತುಸು ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಬೆಂಕಿಪೊಟ್ಟಣಕ್ಕೆ ಸುತ್ತಿ, ಮೇಲೆ ಹಗುರವಾಗಿ ಸವರಲು ಹೇಳಿ. ಬಟ್ಟೆಯನ್ನು ಬೆರಳಿಗೆ ಸುತ್ತಿದರೆ ತಗ್ಗಿನ ಬಣ್ಣವೂ ಎದ್ದುಹೋಗುತ್ತದೆ; ಬೆಂಕಿಪೊಟ್ಟಣದ ಸಮತಟ್ಟಾದ ಮೈ ಉಬ್ಬಿದ ಗೆರೆಗಳನ್ನಷ್ಟೇ ಮುಟ್ಟುತ್ತದೆ. ಕಪ್ಪಿನ ನಡುವಿನಿಂದ ಬಳ್ಳಿಯೊಂದು ಬೆಳ್ಳಗೆ ಹೊಳೆದೇಳುತ್ತದೆ. ನಮ್ಮ ಪಡಸಾಲೆಯಲ್ಲಿ ಆ ಕ್ಷಣ ಹನ್ನೆರಡು ಮಕ್ಕಳೂ ಮಾತು ನಿಲ್ಲಿಸಿ ತಮ್ಮ ತಮ್ಮ ರಟ್ಟನ್ನೇ ನೋಡುತ್ತಿದ್ದರು.

ಊಟ ಮತ್ತು ಕೇಕು

ಬಿದ್ರಿ ರಟ್ಟುಗಳು ಪೂರ್ತಿ ಒಣಗುವ ಹೊತ್ತಿಗೆ, ಕೈ ತೊಳೆಸಿ ತಿನಿಸಿಗೆ ಕೂಡಿಸಿ. ಸಂಜೆಯ ಹೊತ್ತಿಗೆ ಸುಸಲಾದಷ್ಟು ಅನುಕೂಲವಾದ ತಿನಿಸು ಬೇರೆ ಇಲ್ಲ. ಅರ್ಧ ಕಿಲೊ ಚುರುಮುರಿ ಹನ್ನೆರಡು ಮಕ್ಕಳಿಗೂ ನಾಲ್ಕೈದು ದೊಡ್ಡವರಿಗೂ ಸಾಕು. ಒಗ್ಗರಣೆಯನ್ನು ಮೊದಲೇ ಮಾಡಿಟ್ಟು, ಚುರುಮುರಿಯನ್ನು ಮಾತ್ರ ಬಡಿಸುವ ಹತ್ತು ನಿಮಿಷ ಮೊದಲು ನೀರಲ್ಲಿ ಅದ್ದಿ ಹಿಂಡಿ ಬೆರೆಸಿ, ಪುಠಾಣಿ ಪುಡಿ ಉದುರಿಸಿ. ಶೇಂಗಾವನ್ನು ಬೇರೆ ಬಟ್ಟಲಲ್ಲಿಟ್ಟು ಬೇಕಾದವರಿಗೆ ಹಾಕಿ. ಆದರೆ ಶೇಂಗಾ ಆಗದ ಮಗು ಬರುವುದೆಂದು ತಿಳಿದರೆ ಅಂದು ಶೇಂಗಾವನ್ನೂ ಶೇಂಗಾ ಎಣ್ಣೆಯನ್ನೂ ಅಡುಗೆಮನೆಯಿಂದಲೇ ದೂರವಿಡುವುದು ಸರಿ. ಮೆಣಸಿನಕಾಯಿ ಭಜಿ ದೊಡ್ಡವರಿಗಿರಲಿ, ಮಕ್ಕಳಿಗೆ ಉಳ್ಳಾಗಡ್ಡಿ ಭಜಿ ಸಾಕು. ಸಿಹಿಗೆ ಹೋಳಿಗೆಯನ್ನು ನಾಲ್ಕು ತುಂಡು ಮಾಡಿ ಇಟ್ಟರೆ ಎಂಜಲಾಗಿ ಉಳಿಯುವುದಿಲ್ಲ. ಕುಡಿಯಲು ಮಜ್ಜಿಗೆ, ಮತ್ತು ಪಟ್ಟಿಯಲ್ಲಿದ್ದ ಕಬ್ಬಿನ ಹಾಲು.

ಕೋಟೆಯ ಆಕಾರದ ಕೇಕನ್ನು ದುಬಾರಿ ಬೆಲೆಗೆ ಮಾಡಿಸುವ ಅಗತ್ಯವಿಲ್ಲ. ಬೇಕರಿಯ ಸಾದಾ ಚೌಕ ಕೇಕಿನ ನಾಲ್ಕು ಬದಿಗೆ ವೇಫರ್ ಬಿಸ್ಕತ್ತುಗಳನ್ನು ಒಂದು ಉದ್ದ ಒಂದು ಗಿಡ್ಡದಂತೆ ನಿಲ್ಲಿಸಿದರೆ ತೆನೆಗಳು ಸಿದ್ಧ. ಮೇಣದಬತ್ತಿ ಹಚ್ಚುವಾಗ ರಟ್ಟಿನ ಗೋಡೆಯಿಂದ ದೂರದ ಮೇಜಿನ ಮೇಲೆ ಹಚ್ಚಿ. ರಟ್ಟು ಮತ್ತು ಬಟ್ಟೆಗೆ ಬೆಂಕಿ ಹತ್ತಲು ಕ್ಷಣ ಸಾಕು. ನಮ್ಮ ಮನೆಯಲ್ಲಿ ಕೇಕಿಗಿಂತ ಮೊದಲು ಆಯಿ ಕುಂಕುಮವಿಟ್ಟು ಆರತಿ ಬೆಳಗುವ ವಾಡಿಕೆ. ಅಂದು ಆರತಿಯ ನಂತರ ಅವರು ನಕ್ಷೆಯ ಐದು ತುಂಡು ಜೋಡಿಸಲು ಹೇಳಿದರು. ನಕ್ಷೆ ದೇವರ ಕೋಣೆಯ ಪಕ್ಕದ ಹಳೆಯ ಟ್ರಂಕನ್ನು ತೋರಿಸಿತು, ಕೀಲಿ ಅದರ ಕೆಳಗೇ ಇತ್ತು. ಒಳಗೆ ಮಕ್ಕಳಿಗೆ ಒಂದೊಂದು ಬುಗುರಿ, ಐದೈದು ಗೋಲಿ, ಎಳ್ಳಿನ ಚಿಕ್ಕಿ. ಎಲ್ಲರಿಗೂ ಒಂದೇ ಸಮ ಹಂಚಿದೆವು. ಮೊದಲು ಬಂದವರಿಗೆ ಹೆಚ್ಚು ಎಂಬ ಪಂದ್ಯ ಎಲ್ಲಿಯೂ ಇರಲಿಲ್ಲ. ನಾಲ್ಕು ವರ್ಷದ ತಮ್ಮ ತಂಗಿಯರು ಜೊತೆಗೆ ಬಂದಿದ್ದರೆ ಗೋಲಿ, ಇಡೀ ಶೇಂಗಾ ಮತ್ತು ಒಡೆದ ಬಲೂನಿನ ಚೂರು ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ. ಇವು ಮೂರೂ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಿಸುತ್ತವೆ.

ಹೊತ್ತು, ಹವೆ, ಕೈಜೋಡಿಸುವವರು

ನಾಲ್ಕು ಗಂಟೆಗೆ ಆರಂಭಿಸಿದರೆ ಮೊದಲ 15 ನಿಮಿಷ ಎಲ್ಲರೂ ಸೇರಲು ಮತ್ತು ಕಥೆ ಹೇಳಲು, ನಂತರದ 50 ನಿಮಿಷ ಮೊದಲ ನಾಲ್ಕು ಠಾಣೆಗಳಿಗೆ, 40 ನಿಮಿಷ ಬಿದ್ರಿಗೆ, ಅರ್ಧ ಗಂಟೆ ತಿನಿಸಿಗೆ, ಉಳಿದದ್ದು ಖಜಾನೆ ಮತ್ತು ಕೇಕಿಗೆ, ಆರೂವರೆಗೆ ಮುಗಿಯುತ್ತದೆ. ಏಪ್ರಿಲ್ ಮೇ ತಿಂಗಳಾದರೆ ನಮ್ಮ ಭಾಗದ ಬಿಸಿಲಿನಲ್ಲಿ ನಾಲ್ಕು ಗಂಟೆಗೆ ಅಂಗಳಕ್ಕೆ ಮಕ್ಕಳನ್ನು ಇಳಿಸುವಂತಿಲ್ಲ. ಬೆಳಿಗ್ಗೆ ಎಂಟಕ್ಕೆ ಆರಂಭಿಸಿ, ಸುಸಲಾವನ್ನೇ ನಾಷ್ಟಾ ಮಾಡಿ, ಹತ್ತೂವರೆಗೆ ಮುಗಿಸುವುದು ಜಾಣತನ. ಕರೆಂಟು ಹೋಗುವ ಸಂಭವವಿದ್ದೇ ಇದೆ, ಹಾಗಾಗಿ ಯಾವ ಠಾಣೆಯೂ ವಿದ್ಯುತ್ತನ್ನು ನೆಚ್ಚಿಕೊಂಡಿರಬಾರದು; ಎರಡು ಟಾರ್ಚು ಸಿದ್ಧವಿರಲಿ.

ಹನ್ನೆರಡು ಮಕ್ಕಳಿಗೆ ದೊಡ್ಡವರು ಕನಿಷ್ಠ ನಾಲ್ವರು ಬೇಕು: ಬಾಗಿಲಿಗೆ ಮುತ್ಯಾ, ಸುರಂಗಕ್ಕೆ ಕಾಕಾ ಅಥವಾ ಮಾಮಾ, ಅಡುಗೆಮನೆಗೆ ಒಬ್ಬರು, ಗುಂಪಿನೊಡನೆ ಸದಾ ತಿರುಗಲು ಒಬ್ಬರು. ಕೊನೆಯ ಕೆಲಸವನ್ನು ತಾಯಿ ಅಥವಾ ತಂದೆಯೇ ಮಾಡಬೇಕೆಂದು ನನ್ನ ಅಭಿಪ್ರಾಯ. ಫೋಟೊ ತೆಗೆಯುವುದನ್ನು ಬೇರೆಯವರಿಗೆ ಒಪ್ಪಿಸಿ. ಗದ್ದಲ ಸಾಕಾದ ಮಗು ಹೋಗಿ ಕೂಡಲು ಒಳಕೋಣೆಯಲ್ಲಿ ಒಂದು ಚಾಪೆ, ಎರಡು ದಿಂಬು, ನಾಲ್ಕು ಕಥೆಪುಸ್ತಕ ಇಟ್ಟಿದ್ದೆವು. ಮೂರು ಮಕ್ಕಳು ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ತಾವಾಗಿ ಎದ್ದು ಬಂದರು.

ಹಬ್ಬ ಮುಗಿದ ರಾತ್ರಿಯೇ ಕೋಟೆಯನ್ನು ಕೆಡವಬೇಡಿ. ನಮ್ಮಲ್ಲಿ ಅದು ಹನ್ನೊಂದು ದಿನ ನಿಂತಿತ್ತು, ಓಣಿಯ ಮಕ್ಕಳು ಶಾಲೆ ಬಿಟ್ಟ ಮೇಲೆ ಅದರೊಳಗೇ ಹೋಮ್‌ವರ್ಕ್ ಮಾಡುತ್ತಿದ್ದರು. ತೆಗೆಯುವಾಗ ಟೇಪನ್ನು ಪೂರ್ತಿ ಕಿತ್ತು ರಟ್ಟನ್ನು ರದ್ದಿಯವರಿಗೆ ಕೊಡಿ, ನೀಲಿ ಸೀರೆಗಳನ್ನು ಒಗೆದು ಟ್ರಂಕಿಗೆ ಸೇರಿಸಿ. ಎರಡು ಹುಲಿಗಳಿರುವ ತುಂಡನ್ನು ಮಾತ್ರ ಕತ್ತರಿಸಿಟ್ಟುಕೊಂಡೆವು. ಅದು ಈಗ ಮಗಳ ಓದುವ ಮೇಜಿನ ಮೇಲಿದೆ.